ಕಡಲಿಗೆ ಬಿದ್ದ ವಿಷಕ್ಕೆ ಪರಿಹಾರ ಕೊಡುವವರು ಯಾರು?

2010ರ ಆಗಸ್ಟ್ 7ರಂದು ಮುಂಬಯಿ ಬಂದರಿನ ಹೊರದಾರಿಯಲ್ಲಿ ‘ಎಂಎಸ್‌ಸಿ ಚಿತ್ರಾ’ ಮತ್ತು ‘ಖಲೀಜಿಯಾ-3’ ಎಂಬ ಎರಡು ಹಡಗುಗಳು ಪರಸ್ಪರ ಡಿಕ್ಕಿ ಹೊಡೆದವು. ಒಂದು ಬದಿಗೆ ವಾಲಿದ ಚಿತ್ರಾದಿಂದ ಇಂಧನ ತೈಲ ಸೋರಿತು, ಕಂಟೇನರುಗಳು ನೀರಿಗುರುಳಿದವು. ಹಡಗಿನಲ್ಲಿದ್ದ ಸುಮಾರು 1,200 ಕಂಟೇನರುಗಳ ಪೈಕಿ 31ರಲ್ಲಿ ಕೀಟನಾಶಕವೇ ಮೊದಲಾದ ಅಪಾಯಕಾರಿ ರಾಸಾಯನಿಕಗಳಿದ್ದವು. ಬಂದರಿನ ಹಡಗು ಸಂಚಾರ ಕೆಲವು ದಿನ ಸ್ಥಗಿತಗೊಂಡಿತು, ದಡದ ಕಾಂಡ್ಲಾ ಗಿಡಗಳಿಗೆ ಜಿಡ್ಡು ಮೆತ್ತಿಕೊಂಡಿತು, ಮೀನುಗಾರರ ದುಡಿಮೆ ನಿಂತಿತು.

ಇಂತಹ ಹಾನಿಯನ್ನು ತುಂಬಿಕೊಡುವ ಹೊಣೆ ಯಾರದು? ಅಂತಾರಾಷ್ಟ್ರೀಯ ಕಾನೂನು ಈ ಪ್ರಶ್ನೆಗೆ ಒಂದೇ ಉತ್ತರ ಕೊಡುವುದಿಲ್ಲ. ಕಡಲಿಗೆ ಬಿದ್ದದ್ದು ಏನು ಎಂಬುದರ ಮೇಲೆ ಉತ್ತರವೂ ಬದಲಾಗುತ್ತದೆ. ಕರಾವಳಿಯ ನಂಟುಳ್ಳ ನಾವೆಲ್ಲರೂ ಈ ವ್ಯತ್ಯಾಸವನ್ನು ತಿಳಿದಿರುವುದು ಒಳ್ಳೆಯದು.

ಮೊದಲು ತೈಲದ ವಿಚಾರ. 1967ರಲ್ಲಿ ‘ಟೋರಿ ಕ್ಯಾನಿಯನ್’ ಎಂಬ ಟ್ಯಾಂಕರು ಸುಮಾರು 1,19,000 ಟನ್ ಕಚ್ಚಾ ತೈಲದೊಂದಿಗೆ ಇಂಗ್ಲೆಂಡಿನ ಕಾರ್ನ್‌ವಾಲ್ ಬಳಿ ಬಂಡೆಗೆ ಅಪ್ಪಳಿಸಿತು. ಆ ದುರಂತದ ಫಲವಾಗಿ ಎರಡು ಹಂತಗಳ ಪರಿಹಾರ ವ್ಯವಸ್ಥೆ ರೂಪುಗೊಂಡಿತು. ತಪ್ಪು ಯಾರದೆಂದು ಸಾಬೀತುಪಡಿಸುವ ಅಗತ್ಯವಿಲ್ಲದೆ ಹಡಗಿನ ಮಾಲೀಕರ ವಿಮೆಯಿಂದ ಪರಿಹಾರ ಸಲ್ಲುವುದು ಮೊದಲ ಹಂತ. ಅದು ಸಾಲದಾದಾಗ, ತೈಲವನ್ನು ತರಿಸಿಕೊಳ್ಳುವ ಕಂಪನಿಗಳ ವಂತಿಗೆಯಿಂದ ನಡೆಯುವ ಅಂತಾರಾಷ್ಟ್ರೀಯ ನಿಧಿಯು ನೆರವಾಗುವುದು ಎರಡನೆಯ ಹಂತ. 1992ರಲ್ಲಿ ಪರಿಷ್ಕೃತವಾದ ಈ ವ್ಯವಸ್ಥೆಗೆ ಭಾರತವೂ ಸೇರಿದೆ.

ಆದರೆ ಈ ಸೌಲಭ್ಯ ಟ್ಯಾಂಕರಿನ ತೈಲಕ್ಕಷ್ಟೇ ಸೀಮಿತ. ಚಿತ್ರಾದಂತಹ ಕಂಟೇನರ್ ಹಡಗು ತನ್ನ ಯಂತ್ರಕ್ಕೆಂದು ಇಟ್ಟುಕೊಂಡ ತೈಲ ಸೋರಿದರೆ ಅದಕ್ಕೆ 2001ರ ಬೇರೊಂದು ಒಪ್ಪಂದವಿದೆ. ಅದರಲ್ಲಿ ವಿಮೆಯುಂಟು, ಎರಡನೆಯ ಹಂತದ ನಿಧಿಯಿಲ್ಲ. ಇನ್ನು ಆಮ್ಲ, ವಿಷಾನಿಲ, ಕೀಟನಾಶಕಗಳಿಂದಾದ ಹಾನಿಗೆ ಉದ್ದೇಶಿಸಿದ್ದು ‘ಎಚ್‌ಎನ್‌ಎಸ್ ಒಪ್ಪಂದ’, ಅಂದರೆ ಅಪಾಯಕಾರಿ ಮತ್ತು ಹಾನಿಕರ ವಸ್ತುಗಳ ಒಪ್ಪಂದ. 1996ರಲ್ಲಿ ಲಂಡನ್ನಿನಲ್ಲಿ ಅಂಗೀಕೃತವಾದ ಇದನ್ನು 2010ರ ಏಪ್ರಿಲ್‌ನಲ್ಲಿ, ಎಂದರೆ ಮುಂಬಯಿಯ ಅವಘಡಕ್ಕೆ ಕೆಲವೇ ತಿಂಗಳ ಮೊದಲು, ಪರಿಷ್ಕರಿಸಲಾಯಿತು.

ತೈಲದ ಮಾದರಿಯನ್ನೇ ಅನುಸರಿಸುವ ಈ ಒಪ್ಪಂದದ ವ್ಯಾಪ್ತಿ ಇನ್ನೂ ವಿಶಾಲವಾದುದು. ಜೀವಹಾನಿ, ಗಾಯ, ಆಸ್ತಿನಷ್ಟ, ಮೀನುಗಾರಿಕೆಯ ಆದಾಯನಷ್ಟ, ಶುಚೀಕರಣದ ವೆಚ್ಚ, ಪರಿಸರವನ್ನು ಮೊದಲಿನ ಸ್ಥಿತಿಗೆ ತರುವ ವೆಚ್ಚ ಇವೆಲ್ಲಕ್ಕೂ ಪರಿಹಾರವಿದೆ. ಒಂದು ಅವಘಡಕ್ಕೆ ವಿಮೆ ಮತ್ತು ನಿಧಿ ಸೇರಿ ಗರಿಷ್ಠ 25 ಕೋಟಿ ಎಸ್‌ಡಿಆರ್ ದೊರೆಯಬಹುದು. ಎಸ್‌ಡಿಆರ್ ಎಂಬುದು ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. 2025ರ ದರದಲ್ಲಿ ಈ ಮೊತ್ತ ಸುಮಾರು 3,000 ಕೋಟಿ ರೂಪಾಯಿಗಳಷ್ಟಾಗುತ್ತದೆ. ಹಣ ಎಲ್ಲರಿಗೂ ಸಾಲದಿದ್ದರೆ ಅದರ ಮೂರನೇ ಎರಡು ಭಾಗದವರೆಗೆ ಸಾವುನೋವಿಗೊಳಗಾದವರಿಗೆ ಆದ್ಯತೆ.

ಇಷ್ಟು ಉಪಯುಕ್ತವಾದ ಒಪ್ಪಂದ ದಶಕಗಳ ಕಾಲ ಕಾಗದದಲ್ಲೇ ಏಕೆ ಉಳಿಯಿತು? ಕನಿಷ್ಠ 12 ರಾಷ್ಟ್ರಗಳು ಸೇರಬೇಕು, ಅವುಗಳಲ್ಲಿ ನಾಲ್ಕಾದರೂ ದೊಡ್ಡ ಹಡಗುಪಡೆಯುಳ್ಳವಾಗಿರಬೇಕು, ಆ ರಾಷ್ಟ್ರಗಳ ಆಮದುದಾರರು ಹಿಂದಿನ ವರ್ಷದಲ್ಲಿ ಒಟ್ಟು 4 ಕೋಟಿ ಟನ್ ವಂತಿಗೆಯೋಗ್ಯ ಸರಕು ಪಡೆದಿರಬೇಕು ಎಂಬುದು ನಿಯಮ. ಇವೆಲ್ಲ ಪೂರೈಸಿದ 18 ತಿಂಗಳ ಅನಂತರವಷ್ಟೇ ಒಪ್ಪಂದ ಜಾರಿಗೆ ಬರುತ್ತದೆ. ಯಾವ ಕಂಪನಿ ಯಾವ ರಾಸಾಯನಿಕವನ್ನು ಎಷ್ಟು ತರಿಸಿತೆಂಬ ಲೆಕ್ಕ ಒಪ್ಪಿಸುವುದೇ ಸರಕಾರಗಳಿಗೆ ತೊಡಕಾಯಿತು. ಸಾವಿರಾರು ಬಗೆಯ ಪೊಟ್ಟಣ ಸರಕುಗಳ ಲೆಕ್ಕವಂತೂ ಅಸಾಧ್ಯವೆನಿಸಿತು. ಆದುದರಿಂದ 2010ರಲ್ಲಿ ಪೊಟ್ಟಣ ಸರಕಿನ ಆಮದುದಾರರನ್ನು ವಂತಿಗೆಯಿಂದ ಮುಕ್ತಗೊಳಿಸಿ, ಅದಕ್ಕೆ ಬದಲಾಗಿ ಹಡಗಿನ ಮಾಲೀಕರ ಹೊಣೆಯ ಮಿತಿಯನ್ನು ಏರಿಸಲಾಯಿತು.

ಈ ವಿಳಂಬದ ಬೆಲೆಯೇನೆಂದು 2025ರ ಮೇ 25 ತೋರಿಸಿಕೊಟ್ಟಿತು. ಕೊಚ್ಚಿಯ ಹೊರಗಡಲಿನಲ್ಲಿ ‘ಎಂಎಸ್‌ಸಿ ಎಲ್ಸಾ-3’ ಸುಮಾರು 640 ಕಂಟೇನರುಗಳೊಂದಿಗೆ ಮುಳುಗಿತು. 12 ಕಂಟೇನರುಗಳಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ನೀರು ತಗುಲಿದರೆ ಹೊತ್ತಿ ಉರಿಯುವ ಅಸಿಟಿಲೀನ್ ಅನಿಲವನ್ನು ಬಿಡುವ ವಸ್ತುವದು. ಎಚ್‌ಎನ್‌ಎಸ್ ಒಪ್ಪಂದ ಆಗ ಜಾರಿಯಲ್ಲಿರಲಿಲ್ಲ. ಕೇರಳ ಸರಕಾರ ಹೈಕೋರ್ಟಿನ ಮೆಟ್ಟಿಲೇರಿ 9,531 ಕೋಟಿ ರೂಪಾಯಿ ಪರಿಹಾರ ಕೋರಿತು. ಕೋರ್ಟಿನ ಆದೇಶದಂತೆ ಇನ್ನೊಂದು ಹಡಗನ್ನು ತಡೆದಿಡಲಾಯಿತು. ನೆರೆಯ ಶ್ರೀಲಂಕೆಯ ಅನುಭವವೂ ಭಿನ್ನವಲ್ಲ. 2021ರಲ್ಲಿ ಕೊಲಂಬೊ ಬಳಿ ಉರಿದು ಮುಳುಗಿದ ‘ಎಕ್ಸ್‌ಪ್ರೆಸ್ ಪರ್ಲ್’ ಹಡಗಿಗಾಗಿ 100 ಕೋಟಿ ಡಾಲರ್ ಪರಿಹಾರ ನೀಡಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತದ್ದು ನಾಲ್ಕು ವರ್ಷಗಳ ಅನಂತರ, 2025ರ ಜುಲೈಯಲ್ಲಿ.

ಒಪ್ಪಂದದಲ್ಲಿ ಕೊರತೆಯೂ ಇದೆ. ಈ ಎರಡೂ ಹಡಗುಗಳಿಂದ ದಡಕ್ಕೆ ಬಂದು ಬಿದ್ದ ಪ್ಲಾಸ್ಟಿಕ್ ಹರಳುಗಳು ಅಪಾಯಕಾರಿ ಸರಕಿನ ಅಂತಾರಾಷ್ಟ್ರೀಯ ಪಟ್ಟಿಯಲ್ಲಿರಲಿಲ್ಲ. ಪಟ್ಟಿಯಲ್ಲಿಲ್ಲದ ವಸ್ತುವಿನ ಹಾನಿಗೆ ಎಚ್‌ಎನ್‌ಎಸ್‌ನಿಂದ ಪರಿಹಾರವಿಲ್ಲ. ಒಪ್ಪಂದ ಜಾರಿಯಲ್ಲಿದ್ದರೂ ಮರಳಿನಿಂದ ಹರಳು ಹೆಕ್ಕುವ ಖರ್ಚು ದಡದವರ ತಲೆಗೇ ಬೀಳುತ್ತಿತ್ತು.

ನಮ್ಮ ನವಮಂಗಳೂರು ಬಂದರಿಗೂ ಅಡುಗೆ ಅನಿಲ, ರಾಸಾಯನಿಕಗಳನ್ನು ಹೊತ್ತ ಹಡಗುಗಳು ಬರುತ್ತವೆ. ಅದೇ ನೀರಿನಲ್ಲಿ ನಮ್ಮ ಮೀನುಗಾರ ಬಂಧುಗಳು ಬಲೆ ಬೀಸುತ್ತಾರೆ. ನ್ಯಾಯಾಲಯವಿರಲಿ, ನಿಧಿಯಿರಲಿ, ಕೇಳುವುದು ಪುರಾವೆಯನ್ನು. ದೋಣಿಯ ಪರವಾನಗಿ, ದಿನದ ಮೀನಿನ ಲೆಕ್ಕ, ಮಾರಾಟದ ಚೀಟಿ, ಹಾಳಾದ ಬಲೆಯ ಛಾಯಾಚಿತ್ರ ಇವಿಲ್ಲದವನ ನಷ್ಟ ಎಷ್ಟೇ ನಿಜವಾದರೂ ಲೆಕ್ಕಕ್ಕೆ ಬಾರದು. ಎಚ್‌ಎನ್‌ಎಸ್ ಒಪ್ಪಂದದಲ್ಲಿ ಹಕ್ಕು ಮಂಡಿಸಲು ಹಾನಿಯೂ ಹಡಗಿನ ಮಾಲೀಕರೂ ತಿಳಿದ ಬಳಿಕ ಮೂರು ವರ್ಷಗಳ ಗಡುವಿದೆ. ಇಂತಹ ಒಪ್ಪಂದವನ್ನು ಬಲಪಡಿಸಬೇಕೆಂದು ಸರಕಾರಗಳನ್ನು ಒತ್ತಾಯಿಸುವುದು ನಾಗರಿಕರಾದ ನಮ್ಮ ಕರ್ತವ್ಯ. ದಿನದ ಲೆಕ್ಕವನ್ನು ಬರೆದಿಡುವಂತೆ ಊರಿನ ನಮ್ಮವರಿಗೆ ತಿಳಿಹೇಳುವುದು ಇಂದೇ ಮಾಡಬಹುದಾದ ಕೆಲಸ.