ಕಾಕಾನ ನಲವತ್ತೊಂದು ದಿನ, ಒಂದು ಸೊನ್ನೆ

ಇವತ್ತು ನಿಮ್ಮ ಫೋನ್ ನಿಮಗೆ ಬೈದಿದೆಯಾ? ನೀರು ಕುಡಿದಿಲ್ಲ, ನಡೆದಿಲ್ಲ, ಪುಸ್ತಕ ಮುಟ್ಟಿಲ್ಲ ಅಂತ? ಬೈದಿದ್ದರೆ ಈ ಮಾತು ನಿಮಗೇ. ಬೈದಿಲ್ಲ ಅಂದ್ರೆ ಮನೆಯಲ್ಲಿ ಇನ್ಯಾರಿಗಾದರೂ ಬೈಯುತ್ತಿರುತ್ತೆ, ಒಮ್ಮೆ ವಿಚಾರಿಸಿ.

ಹುಬ್ಬಳ್ಳಿ–ಗದಗ ರಸ್ತೆಯ ಶಿರಗುಪ್ಪಿಯಲ್ಲಿ ನಮ್ಮ ಕಾಕಾ ಇದ್ದಾರೆ. ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ. ಡಾಕ್ಟರು ದಿನಾ ನಡೀರಿ ಅಂದ್ರು. ಅವರ ಫೋನಿಗೆ ಆ್ಯಪ್ ಹಾಕಿಕೊಟ್ಟವನು ನಾನೇ, ದೊಡ್ಡ ಉಪಕಾರ ಮಾಡಿದೆ ಅಂದುಕೊಂಡು. ಗುರಿ ಮುಟ್ಟಿದರೆ ಪರದೆ ಮೇಲೆ ಬೆಂಕಿಯ ಚಿತ್ರ, ಪಕ್ಕದಲ್ಲಿ ಎಷ್ಟು ದಿನ ತಪ್ಪದೆ ನಡೆದಿರಿ ಅನ್ನೋ ಅಂಕಿ. ಒಂದು, ಎರಡು, ಹದಿನೈದು. ಕಾಕಾ ಕಟ್ಟೆಯ ಮೇಲೆ ಕೂತವರಿಗೆಲ್ಲಾ ಫೋನ್ ತೋರಿಸೋಕೆ ಶುರು ಮಾಡಿದರು. ನಲವತ್ತೊಂದಕ್ಕೆ ಬಂತು.

ಆಮೇಲೆ ಹೆಸರುಕಾಯಿ ಬಿಡಿಸೋ ಸಮಯ. ಬೆಳಗಿನಿಂದ ಸಂಜೆತನಕ ಹೊಲದಲ್ಲೇ ಓಡಾಟ. ಫೋನ್ ಮನೆಯಲ್ಲಿ ಚಾರ್ಜಿಗೆ. ಮರುದಿನ ನೋಡಿದರೆ ಬೆಂಕಿ ಆರಿದೆ, ಅಂಕಿ ಸೊನ್ನೆ.

ತಿಂಗಳ ಮೇಲೆ ಊರಿಗೆ ಹೋದಾಗ ಕೇಳಿದೆ, ಯಾಕ ಕಾಕಾ, ನಡೆಯೋದು ಬಿಟ್ರಿ ಅಂತ. "ಎಲ್ಲಾ ಹೋತಲೋ ತಮ್ಮಾ, ನಲವತ್ತೊಂದ ದಿನದ್ದು. ಹೊಲದಾಗ ದಿನಪೂರ್ತಿ ತಿರಗ್ಯಾಡಿನಿ, ಅದಕ್ಕೇನ ಗೊತ್ತು?" ಅಂದರು. ಆ ತಿಂಗಳ ರಕ್ತಪರೀಕ್ಷೆಯ ಚೀಟಿ ಕಾಕು ತಂದು ನನ್ನ ಕೈಗಿಟ್ಟರು. ಮಾತಾಡಲಿಲ್ಲ, ಸುಮ್ಮನೆ ಇಟ್ಟರು.

ಕಾಕಾಗೆ ಹಟ ಕಡಿಮೆ ಅನ್ನಬೇಡಿ. ಈ ಪರದೆಯನ್ನ ಹಾಗೇ ಕಟ್ಟಿದ್ದಾರೆ. ಪಡೆದದ್ದರ ಖುಷಿಗಿಂತ ಕಳೆದುಕೊಂಡದ್ದರ ಸಂಕಟ ದೊಡ್ಡದು ಅಂತ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಬರೆದರು. ಆ್ಯಪ್ ಮಾಡುವವರು ಹಿಡಿದುಕೊಂಡಿದ್ದು ಇದನ್ನೇ. ಅಂಕಿ ಬೆಳೆದಷ್ಟೂ ಕಳೆದುಕೊಳ್ಳುವ ಭಯ ಬೆಳೆಯುತ್ತೆ, ಭಯ ಇರುವವರೆಗೂ ನೀವು ಆ್ಯಪ್ ತೆರೀತೀರಿ. ಅಂಕಿ ಸೊನ್ನೆಯಾದ ದಿನ ಭಯವೂ ಹೋಯ್ತು, ಅದರ ಜೊತೆ ನಡಿಗೆಯೂ ಹೋಯ್ತು. ಭಾಷೆ ಕಲಿಸುವ ಡ್ಯುಯೊಲಿಂಗೊದಲ್ಲಿ ಒಂದು ದಿನ ತಪ್ಪಿದರೂ ಸರಣಿ ಉಳಿಯೋ ಹಾಗೆ ಒಂದು ರಕ್ಷಣೆ ಕೊಳ್ಳಬಹುದು, ಅಲ್ಲೇ ಗಳಿಸಿದ ಆಟದ ದುಡ್ಡಲ್ಲಿ. ರೋಗವೂ ಅವರದೇ, ಔಷಧಿಯೂ ಅವರದೇ! (ನಮ್ಮ ಟೀವಿಯವರು 'ಬ್ರೇಕ್ ನಂತರ ಸ್ಫೋಟಕ ಸುದ್ದಿ' ಅನ್ನೋದೂ ಇದೇ ಜಾತಿ. ಒಪ್ಪಿಕೊಳ್ತೀನಿ.)

ಗುರಿಯಾದರೂ ಎಲ್ಲಿಂದ ಬಂತು? ಕಾಕಾನ ಆ್ಯಪ್ ತಾನೇ ಇಟ್ಟಿದ್ದು 10,000 ಹೆಜ್ಜೆ. ಡಾಕ್ಟರು ಹಾಗೆ ಹೇಳಿರಲಿಲ್ಲ. 1965ರಲ್ಲಿ ಜಪಾನಿನ ಯಾಮಾಸಾ ಕಂಪನಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ತಂತು. ಹೆಸರು 'ಮಾನ್ಪೋಕೆ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಮಾರಾಟದ ಹೆಸರು ಇವತ್ತು ಜಗತ್ತಿನ ಆರೋಗ್ಯ ಸೂತ್ರ ಆಗಿ ಕೂತಿದೆ.

ಇನ್ನು ಒಂದು ದಿನ ತಪ್ಪಿದರೆ ನಿಜಕ್ಕೂ ಏನಾಗುತ್ತೆ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನ 12 ವಾರ ಗಮನಿಸಿದರು, 2010ರಲ್ಲಿ ಅಚ್ಚಾದ ಅಧ್ಯಯನ. ಒಂದು ಕೆಲಸ ಅಭ್ಯಾಸವಾಗಿ ಕೂರೋಕೆ ಹಿಡಿಯುವ ಕಾಲ 18 ದಿನದಿಂದ 254 ದಿನದವರೆಗೆ ಅಂತ ಅವರ ಲೆಕ್ಕ ಬಂತು, ನಡುವಿನ ಅಂಕಿ 66. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಅಂದರೆ ಕಾಕಾನ ಮೈಗೆ ಆ ನಲವತ್ತು ದಿನ ಎಲ್ಲೂ ಹೋಗಿರಲಿಲ್ಲ. ಹೋಗಿದ್ದು ಪರದೆಯಿಂದ ಮಾತ್ರ.

ಬೇರೆ ಥರ ಕಟ್ಟೋಕೆ ಬರುತ್ತೆ. 'ಲೂಪ್' ಅಂತ ಒಂದು ಆ್ಯಪ್ ಇದೆ, ಉಚಿತ, ಅದರ ಕೋಡ್ ಕೂಡ ಎಲ್ಲರಿಗೂ ಮುಕ್ತ. ಅದರಲ್ಲಿ ಅಭ್ಯಾಸಕ್ಕೆ ಒಂದು ಬಲದ ಅಂಕ ಕೊಡ್ತಾರೆ. ದಿನ ತಪ್ಪಿದರೆ ಸ್ವಲ್ಪ ಇಳಿಯುತ್ತೆ, ಸೊನ್ನೆಗೆ ಬೀಳಲ್ಲ.

ಅದಕ್ಕಿಂತ ನನಗೆ ಹಿಡಿಸಿದ್ದು ನಮ್ಮ ಬೆಂಗಳೂರಿನ ಒಂದು ಕೆಲಸ. ಕ್ಷಯರೋಗದ ಮಾತ್ರೆ ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು, ತಪ್ಪಿದರೆ ರೋಗ ಔಷಧಿಗೆ ಬಗ್ಗಲ್ಲ. 2010ರ ದಶಕದಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ '99ಡಾಟ್ಸ್' ಅಂತ ಮಾಡಿದರು. ಮಾತ್ರೆ ಒತ್ತಿ ತೆಗೆದರೆ ಅದರ ಹಿಂದೆ ಅಡಗಿರುವ ಫೋನ್ ನಂಬರ್ ಕಾಣುತ್ತೆ. ಅದಕ್ಕೆ ಪುಕ್ಕಟೆ ಕರೆ ಮಾಡಿದರೆ ಮುಗೀತು. ಸ್ಮಾರ್ಟ್‌ಫೋನ್ ಬೇಡ, ಇಂಗ್ಲಿಷ್ ಬೇಡ. ಕರೆ ಬರದಿದ್ದರೆ ರೋಗಿಗೆ ಸೊನ್ನೆ ತೋರಿಸಲ್ಲ, ಅದು ಆರೋಗ್ಯ ಸಿಬ್ಬಂದಿಯ ಕಣ್ಣಿಗೆ ಬೀಳುತ್ತೆ, ಅವರು ವಿಚಾರಿಸ್ತಾರೆ. ಅದರಲ್ಲೂ ತೊಡಕಿತ್ತು. ಎಷ್ಟೋ ಜನ ಮಾತ್ರೆ ನುಂಗಿ ಕರೆ ಮಾಡೋದು ಮರೆತರು, ಲೆಕ್ಕದಲ್ಲಿ ಅವರು ನುಂಗದವರಾದರು. ಹೊಲದಲ್ಲಿ ನಡೆದ ಕಾಕಾ, ಚಾರ್ಜಿಗಿದ್ದ ಫೋನು, ಅದೇ ಕಥೆ.

ಗ್ರಾಹಕರನ್ನ ಪರದೆಯ ಮೇಲೆ ಮೋಸ ಮಾಡುವ 13 ಬಗೆಗಳನ್ನ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಪಟ್ಟಿ ಮಾಡಿದೆ. ಪದೇ ಪದೇ ಕಾಡೋದು ಅದರಲ್ಲಿದೆ, ನಾಚಿಕೆ ಹುಟ್ಟಿಸಿ ಒಪ್ಪಿಸೋದೂ ಇದೆ. ಸೊನ್ನೆ ಮಾಡೋದು ಇಲ್ಲ.

ಉಪಾಯ ಹೇಳಿದ್ದು ಕಾಕು. ಅವರ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಇರುತ್ತೆ. ಹಾಲು ಬಂದ ದಿನ ಏನೂ ಬರೆಯಲ್ಲ, ಬರದ ದಿನ ಒಂದು ಸೊನ್ನೆ. ತಿಂಗಳ ಕೊನೆಗೆ ಸೊನ್ನೆ ಎಣಿಸಿ ಅಷ್ಟು ದುಡ್ಡು ಮುರಿದುಕೊಳ್ಳೋದು. ಒಂದು ದಿನ ಹಾಲು ಬರಲಿಲ್ಲ ಅಂತ ಹಿಂದಿನ ಇಪ್ಪತ್ತು ದಿನದ ಹಾಲು ಯಾರೂ ಚೆಲ್ಲಲ್ಲ. "ನಿಮ್ಮದೂ ಇದರಾಗ ಬರೀತೇನಿ, ನಡೀರಿ" ಅಂದರಂತೆ. ಕಾಕಾ ಮತ್ತೆ ಹೊರಟರು.

ಮೊನ್ನೆ ಹೋದಾಗ ಆ ತಿಂಗಳ ಪುಟದಲ್ಲಿ ಐದು ಸೊನ್ನೆ ಇದ್ದವು. ಎರಡು ಹಾಲಿನವು, ಎರಡು ಕಾಕಾನವು. ಐದನೆಯದು ಯಾರದ್ದು ಅಂತ ಇಬ್ಬರೂ ಇನ್ನೂ ಜಗಳಾಡ್ತಿದ್ದರು.