ಗಾಡಿಗೆ ವೆಲ್ಡಿಂಗ್ ಮಾಡಿಸುವ ಮುನ್ನ



ಸಂಘದ ಸಾಲದಿಂದ ಗೂಡ್ಸ್ ಆಟೋ, ಓಮ್ನಿ, ಸಣ್ಣ ಟೆಂಪೋ ಕೊಂಡ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ತರಕಾರಿ, ಹಾಲಿನ ಕ್ಯಾನು, ಶಾಮಿಯಾನದ ಸಾಮಾನು ಹೊತ್ತು ಓಡಾಡುವ ಗಾಡಿಗೆ ಕೆಲವು ಮಳೆಗಾಲ ಕಳೆದರೆ ತಳದ ತಗಡು ತುಕ್ಕು ಹಿಡಿಯುತ್ತದೆ, ಹಿಂದಿನ ಬಾಗಿಲಿನ ಕೀಲು ಬಿರುಕು ಬಿಡುತ್ತದೆ. ವೆಲ್ಡಿಂಗ್ ಅಂಗಡಿಗೆ ಒಯ್ದರೆ ಅದು ಸಣ್ಣ ಕೆಲಸ. ಆದರೆ ಆ ಸಣ್ಣ ಕೆಲಸದಲ್ಲೇ ಗಾಡಿಯ ಕಂಪ್ಯೂಟರ್ ಸುಟ್ಟರೆ ಸಾವಿರಗಟ್ಟಲೆ ಖರ್ಚು. ಗಾಡಿ ಗ್ಯಾರೇಜಿನಲ್ಲಿ ನಿಂತಷ್ಟು ದಿನ ಬಾಡಿಗೆಯೂ ಇಲ್ಲ. ಸಾಲದ ಕಂತು ಮಾತ್ರ ನಿಲ್ಲೋದಿಲ್ಲ. "ಓಡಿಸೋದು ಗಂಡ, ನಮಗ್ಯಾಕೆ ಇದೆಲ್ಲ?" ಅಂತ ಕೇಳಬೇಡಿ. ಸಾಲದ ಪುಸ್ತಕದಲ್ಲಿರೋದು ನಿಮ್ಮ ಹೆಸರು.

ಮನೆಯ ಬಲ್ಬಿಗೆ ಎರಡು ವಯರ್ ಇರುತ್ತವೆ. ಗಾಡಿಯ ದೀಪಕ್ಕೆ, ಹಾರ್ನಿಗೆ ಬ್ಯಾಟರಿಯ ಪ್ಲಸ್ ಕಡೆಯಿಂದ ಒಂದೇ ವಯರ್ ಬರುತ್ತದೆ. ಕರೆಂಟು ಹಿಂದಿರುಗುವುದು ಗಾಡಿಯ ಕಬ್ಬಿಣದ ಮೈಯ ಮೂಲಕ. ಬ್ಯಾಟರಿಯ ಮೈನಸ್ ವಯರನ್ನು ಬಾಡಿಗೇ ಬಿಗಿದಿರುವುದು ಇದಕ್ಕೇ. ವೆಲ್ಡಿಂಗ್ ಕರೆಂಟು ಹರಿಯುವುದೂ ಇದೇ ಮೈಯಲ್ಲಿ. ಹೆಡ್‌ಲೈಟಿನ ಒಂದು ಬಲ್ಬಿಗೆ ಸುಮಾರು 5 ಆಂಪಿಯರ್ ಕರೆಂಟು ಸಾಕು; ತೆಳು ತಗಡಿನ ವೆಲ್ಡಿಂಗಿಗೇ 50 ಆಂಪಿಯರಿಗೂ ಹೆಚ್ಚು ಬೇಕಾಗುತ್ತದೆ. ರಾಡು ತಾಗಿಸಿ ಎತ್ತುವಾಗ ವೋಲ್ಟೇಜ್ ಥಟ್ಟನೆ ಏರುತ್ತದೆ. 12 ವೋಲ್ಟಿಗೆಂದು ಮಾಡಿದ ನಾಜೂಕು ಸಾಮಾನು ಅದನ್ನು ತಾಳೋದಿಲ್ಲ. ಆಲ್ಟರ್ನೇಟರ್ ಒಳಗಿನ ಡಯೋಡು ಹೋದರೆ ಬ್ಯಾಟರಿ ಚಾರ್ಜ್ ಆಗೋದಿಲ್ಲ. ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆ ಹೋದರೆ ಗಾಡಿ ಸ್ಟಾರ್ಟೇ ಆಗದಿರಬಹುದು.

ಹಳೆಯ ಡೀಸೆಲ್ ಗಾಡಿಗಳಲ್ಲಿ ಇಂಥ ಪೆಟ್ಟಿಗೆ ಇರುತ್ತಿರಲಿಲ್ಲ. "ಇಪ್ಪತ್ತು ವರ್ಷದಿಂದ ಮಾಡ್ತಿದ್ದೇನೆ, ಏನೂ ಆಗಿಲ್ಲಮ್ಮ" ಎಂದು ಮೇಸ್ತ್ರಿ ಹೇಳುವುದು ಸುಳ್ಳಲ್ಲ, ಆದರೆ ಆ ಅನುಭವ ಆ ಗಾಡಿಗಳದ್ದು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಹೊಸ ವಾಹನಗಳಿಗೆ ಬಿಎಸ್-6 ನಿಯಮ ಬಂದಿದೆ. ಹೊಗೆ ಕಡಿಮೆ ಮಾಡಲು ಈ ಗಾಡಿಗಳಲ್ಲಿ ಸೆನ್ಸರ್‌ಗಳೂ ಇಸಿಯು ಕೆಲಸವೂ ಹೆಚ್ಚಿವೆ.

ಹಾಗಾದರೆ ಏನು ಮಾಡಬೇಕು? ಮೊದಲು ಕೀ ಆಫ್ ಮಾಡಿ ತೆಗೆದಿಟ್ಟುಕೊಳ್ಳಿ. ಆಮೇಲೆ ಬ್ಯಾಟರಿಯ ಮೈನಸ್ ವಯರ್ ಬಿಚ್ಚಿಸಿ, ಅದಾದ ಮೇಲೆ ಪ್ಲಸ್. ಈ ಕ್ರಮ ಯಾಕೆಂದರೆ, ಮೊದಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ, ಒಂದು ಕಿಡಿಗೆ ಸ್ಫೋಟವಾಗಬಹುದು. ಬ್ಯಾಟರಿಯನ್ನೇ ಕೆಳಗಿಳಿಸಿ ದೂರ ಇಡುವುದು ಇನ್ನೂ ಒಳ್ಳೇದು.

ಕೆಲವರು ಇಷ್ಟಕ್ಕೇ ಸಾಕು ಅಂತಾರೆ. ನಮ್ಮ ಅಭಿಪ್ರಾಯದಲ್ಲಿ ಸಾಲದು. ಬ್ಯಾಟರಿ ತೆಗೆದರೂ ಇಸಿಯು ಮತ್ತು ಆಲ್ಟರ್ನೇಟರ್ ಬಾಡಿಗೆ ಅಂಟಿಕೊಂಡೇ ಇರುತ್ತವೆ. ಬ್ಯಾಟರಿ ಬಿಚ್ಚಿದ ಮೇಲೆ ಗೊತ್ತಿರುವ ಮೆಕ್ಯಾನಿಕ್‌ನಿಂದ ಅವುಗಳ ವಯರ್, ಪ್ಲಗ್ ಬಿಡಿಸಬೇಕು. ಇಸಿಯು ಹತ್ತಿರವೇ ವೆಲ್ಡಿಂಗ್ ಇದ್ದರೆ ಅದನ್ನು ತೆಗೆದೇ ಇಡಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದ್ದು ವೆಲ್ಡಿಂಗ್ ಮಿಷಿನ್ನಿನ ಅರ್ಥ್ ಕ್ಲಿಪ್. ಅಂಗಡಿಯಲ್ಲಿ ಅದನ್ನು ಕೈಗೆ ಸಿಕ್ಕಿದಲ್ಲಿ, ಬಂಪರಿಗೋ ಚಕ್ರದ ನಟ್ಟಿಗೋ, ಕಚ್ಚಿಸಿಬಿಡುತ್ತಾರೆ. ಆಗ ಕರೆಂಟು ವೆಲ್ಡಿಂಗ್ ಜಾಗದಿಂದ ಕ್ಲಿಪ್‌ವರೆಗೆ ಇಡೀ ಗಾಡಿ ಸುತ್ತಿ, ಚಕ್ರದ ಬೇರಿಂಗ್ ಒಳಗೂ ಹಾದು ಹೋಗಬಹುದು. ಬೇರಿಂಗ್ ಗುಂಡುಗಳಲ್ಲಿ ಗುಳಿ ಬೀಳುತ್ತದೆ. ಬೆಸುಗೆ ಹಾಕುವ ತಗಡಿಗೇ, ಒಂದು ಗೇಣು ದೂರದಲ್ಲಿ, ಪೇಂಟು ತುಕ್ಕು ಉಜ್ಜಿ ತೆಗೆದು ಕ್ಲಿಪ್ ಹಾಕಿಸಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ, ಆದರೆ ಬಾಯಿಬಿಟ್ಟು ಹೇಳಲೇಬೇಕು.

ತಗಡಿನ ಹಿಂದೆ ವಯರಿನ ಕಟ್ಟು, ಪೆಟ್ರೋಲ್ ಪೈಪ್ ಇದೆಯೇ ನೋಡಿ ಸರಿಸಲು ಹೇಳಿ. ಪೆಟ್ರೋಲ್ ಟ್ಯಾಂಕ್ ಅಥವಾ ಸಿಎನ್‌ಜಿ ಸಿಲಿಂಡರ್ ಪಕ್ಕದ ಕೆಲಸವಾದರೆ ರಸ್ತೆಬದಿಯಲ್ಲಿ ಬೇಡವೇ ಬೇಡ. ಏರ್‌ಬ್ಯಾಗ್ ಇರುವ ಕಾರು, ಬ್ಯಾಟರಿಯಲ್ಲೇ ಓಡುವ ಎಲೆಕ್ಟ್ರಿಕ್ ಆಟೋ, ಇವೂ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಲಿ.

ಕೆಲಸ ಮುಗಿದು ತಗಡು ತಣ್ಣಗಾದ ಮೇಲೆ ಇಸಿಯು, ಆಲ್ಟರ್ನೇಟರ್ ಜೋಡಿಸಿ, ಬ್ಯಾಟರಿಗೆ ಮೊದಲು ಪ್ಲಸ್, ಕೊನೆಗೆ ಮೈನಸ್ ಹಾಕಿಸಿ. ಗಡಿಯಾರದ ಸಮಯ ಅಳಿಸಿಹೋಗಿದ್ದರೆ ಗಾಬರಿ ಬೇಡ, ಮತ್ತೆ ಹೊಂದಿಸಿದರಾಯಿತು. ಗಾಡಿ ಸ್ಟಾರ್ಟ್ ಮಾಡಿಸಿ. ಮುಂದಿನ ಫಲಕದಲ್ಲಿ ಎಂಜಿನ್ ದೀಪ, ಬ್ಯಾಟರಿ ದೀಪ ಆರಿದವೇ, ಸುಟ್ಟ ವಾಸನೆ ಬರುತ್ತಿದೆಯೇ ನೋಡಿ. ಹಾರ್ನ್, ಹೆಡ್‌ಲೈಟ್, ಇಂಡಿಕೇಟರ್ ಒಂದೊಂದಾಗಿ ಹಾಕಿಸಿ ನೋಡಿದ ಮೇಲೆ ಮೇಸ್ತ್ರಿಗೆ ಹಣ ಕೊಡಿ.