ಬೀದಿಯ ಕೆಳಗಿನ ಹಳ್ಳ

ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ, ಟೈನ್ ನದಿಯ ದಡದಲ್ಲಿ, ನ್ಯೂಕ್ಯಾಸಲ್ ನಗರವಿದೆ. ಅಲ್ಲಿನ ಗ್ರೇ ಸ್ಟ್ರೀಟ್ ನೋಡಲು ಬಲು ಚೆಂದ. ಎರಡೂ ಬದಿಗೆ ಕಲ್ಲಿನ ಕಟ್ಟಡಗಳು ಸಾಲಾಗಿ ನಿಂತಿವೆ, ನಡುವೆ ಬೀದಿ ಮೆಲ್ಲಗೆ ಬಾಗುತ್ತ ನದಿಯ ಕಡೆಗೆ ಇಳಿಯುತ್ತದೆ. ಆ ಬಾಗು ಹಳ್ಳದ್ದು. ಒಂದು ಕಾಲಕ್ಕೆ ಅಲ್ಲಿ ಲಾರ್ಟ್ ಬರ್ನ್ ಎಂಬ ಹಳ್ಳ ಹರಿಯುತ್ತಿತ್ತು. ಊರಿನ ಕೊಳೆಯೆಲ್ಲ ಸೇರಿ ಅದು ನಾರತೊಡಗಿದಾಗ, 18ನೆಯ ಶತಮಾನದ ಕೊನೆಯಲ್ಲಿ ಅದರ ಕೆಳಭಾಗವನ್ನು ಮುಚ್ಚಿ ಡೀನ್ ಸ್ಟ್ರೀಟ್ ಮಾಡಿದರು. 1830ರ ದಶಕದಲ್ಲಿ ರಿಚರ್ಡ್ ಗ್ರೇಂಜರ್ ಎಂಬ ಕಟ್ಟಡಗಾರ ಮೇಲ್ಭಾಗದ ಕಣಿವೆಯನ್ನೂ ತುಂಬಿಸಿ ಗ್ರೇ ಸ್ಟ್ರೀಟ್ ಕಟ್ಟಿದ. ಊರಿನ ಪೂರ್ವಕ್ಕಿದ್ದ ಊಸ್‌ಬರ್ನ್ ಹಳ್ಳದ ಸರದಿ 20ನೆಯ ಶತಮಾನದ ಆರಂಭದಲ್ಲಿ ಬಂತು. ಆಗಿನ್ನೂ ಹೊಸದಾಗಿದ್ದ ಕಬ್ಬಿಣ ಹಾಕಿದ ಕಾಂಕ್ರೀಟಿನಲ್ಲಿ ಅದಕ್ಕೆ ಸುಮಾರು 650 ಮೀಟರ್ ಉದ್ದದ ಮೋರಿ ಕಟ್ಟಿ, ಮೇಲಿನ ಕಣಿವೆಗೆ ಕಸ, ಮಣ್ಣು ಸುರಿದರು. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳು ಬಾಂಬು ಹಾಕುವಾಗ ಊರಿನ ಜನ ಆಶ್ರಯ ಪಡೆದದ್ದು ಅದೇ ಮೋರಿಯೊಳಗೆ. ಅಷ್ಟು ದೊಡ್ಡದು ಅದು.

ಹಳ್ಳದ ಮೇಲೆ ಬೀದಿ ಬಂದರೂ ಹಳ್ಳ ಎಲ್ಲಿಗೂ ಹೋಗುವುದಿಲ್ಲ. ಅದರ ಜಲಾನಯನ ಅಷ್ಟೇ ಇರುತ್ತದೆ, ಇಳಿಜಾರು ಅಷ್ಟೇ ಇರುತ್ತದೆ, ಮಳೆಯೂ ಅದೇ. ಬದಲಾಗುವುದು ಎರಡು. ದಡ ಮೀರಿ ಹರಡಿಕೊಳ್ಳುವ ಅವಕಾಶ ನೀರಿಗೆ ತಪ್ಪಿಹೋಗುತ್ತದೆ. ಜನರ ನೆನಪಿನಿಂದ ಹಳ್ಳ ಅಳಿಸಿಹೋಗುತ್ತದೆ. ಮೊದಲನೆಯ ತೊಂದರೆಗೆ ಎಂಜಿನಿಯರುಗಳ ಬಳಿ ಮದ್ದಿದೆ. ಎರಡನೆಯದಕ್ಕೆ ಸಿಮೆಂಟು ಸಾಲದು.

2012ರಲ್ಲಿ ನ್ಯೂಕ್ಯಾಸಲ್ ಎರಡು ಬಾರಿ ಪೆಟ್ಟು ತಿಂದಿತು. ಜೂನ್ 28ರ ಮಧ್ಯಾಹ್ನ ಎರಡೇ ತಾಸಿನಲ್ಲಿ ಸುಮಾರು 50 ಮಿಲಿಮೀಟರ್ ಮಳೆ ಸುರಿಯಿತು. ನಮ್ಮ ಕರಾವಳಿಯವರಿಗೆ ಇದು ಲೆಕ್ಕಕ್ಕೇ ಬಾರದ ಮಳೆ. ಅಲ್ಲಿ ಅದು ಹೆಚ್ಚುಕಡಿಮೆ ಒಂದು ತಿಂಗಳಲ್ಲಿ ಬೀಳುವಷ್ಟು. ರಸ್ತೆಗಳು ಹೊಳೆಯಾದವು, ರೈಲು ನಿಂತಿತು. ಸೆಪ್ಟೆಂಬರಿನ ಕೊನೆಯ ವಾರ ಮತ್ತೆ ದೊಡ್ಡ ಮಳೆ. ನಗರದ ಪಶ್ಚಿಮ ಅಂಚಿನ ನ್ಯೂಬರ್ನ್‌ನಲ್ಲಿ ಹಳ್ಳದ ಮೋರಿಯೊಂದು ಕುಸಿದಿತ್ತು. ದಾರಿ ಕಾಣದ ನೀರು ಪಕ್ಕದ ಸ್ಪೆನ್ಸರ್ ಕೋರ್ಟ್ ಎಂಬ ವಸತಿ ಕಟ್ಟಡದ ಅಡಿಯ ಮಣ್ಣನ್ನು ಕೊರೆದುಕೊಂಡು ಹೋಯಿತು. ಕಟ್ಟಡ ತನ್ನ ಅಡಿಪಾಯದ ಕಂಬಗಳ ಮೇಲೆ, ಕೆಳಗೆ ನೆಲವಿಲ್ಲದೆ ನಿಂತ ಚಿತ್ರಗಳು ದೇಶದ ಪತ್ರಿಕೆಗಳಲ್ಲೆಲ್ಲ ಬಂದವು. ಮನೆಯವರನ್ನೆಲ್ಲ ಮೊದಲೇ ತೆರವು ಮಾಡಿಸಿದ್ದರು. ಆಮೇಲೆ ಕಟ್ಟಡವನ್ನೇ ಕೆಡವಬೇಕಾಯಿತು.

ಇಂಥ ಮೋರಿ ಒಂದೇ ದಿನದಲ್ಲಿ ಕೆಡುವುದಿಲ್ಲ. ಬ್ರಿಟನ್ನಿನ ಹಳೆಯ ಮೋರಿಗಳು ಬಹುತೇಕ ಇಟ್ಟಿಗೆ ಕಮಾನಿನವು, ಇಲ್ಲವೇ ಕಲ್ಲಿನ ಗೋಡೆಯ ಮೇಲೆ ಚಪ್ಪಡಿ ಹಾಸಿದವು. ನೀರು ನೂರಾರು ವರ್ಷ ತೊಳೆದು ತೊಳೆದು ಸಂದಿನ ಗಾರೆ ಕರಗುತ್ತದೆ. ಗಾರೆ ಹೋದ ಮೇಲೆ ಕಮಾನಿನ ನೆತ್ತಿಯಿಂದ ಒಂದು ಇಟ್ಟಿಗೆ ಕಳಚುತ್ತದೆ. ಆ ಕಿಂಡಿಯಿಂದ ಮೇಲಿನ ಮಣ್ಣು ಮಳೆ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಒಳಗೆ ಸೋರಿ ನೀರಿನೊಂದಿಗೆ ಹೊರಟುಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಡಾಂಬರಿನ ಕೆಳಗೆ ಪೊಳ್ಳು ಬೆಳೆಯುತ್ತಿರುತ್ತದೆ. ಒಂದು ದಿನ ಲಾರಿ ಹೋಗುವಾಗ ರಸ್ತೆ ಬಾಯಿ ಬಿಡುತ್ತದೆ. ಇನ್ನೊಂದು ಕೇಡು ತಳದಿಂದ ಬರುತ್ತದೆ: ರಭಸದ ನೀರು ತಳದ ಹಾಸನ್ನು ಎಬ್ಬಿಸಿ ಗೋಡೆಯ ಬುಡ ಕೊರೆಯುತ್ತದೆ. ಮೂರನೆಯದು ಮನುಷ್ಯರದೇ ಕೆಲಸ. ಗ್ಯಾಸ್ ಕೊಳವೆ, ಕೇಬಲ್ ಹಾಕುವವರು ಅಗೆಯುತ್ತ ಹೋಗಿ, ಅಡ್ಡ ಬಂದ ಮೋರಿಯ ಗೋಡೆಯನ್ನೇ ಕೊರೆದು ಕೊಳವೆ ಎಳೆದಿರುತ್ತಾರೆ. ಆ ಕೊಳವೆಗೆ ಒಂದು ಕೊಂಬೆ ಸಿಕ್ಕಿಕೊಂಡರೆ ಸಾಕು, ಹಿಂದೆಯೇ ಬಂದ ಚೀಲ, ಬಟ್ಟೆ, ಹೂಳು ಎಲ್ಲ ಅಲ್ಲೇ ಜಮೆಯಾಗುತ್ತದೆ.

ಸ್ವಲ್ಪ ಹೂಳು ತುಂಬಿದರೆ ಏನು ಮಹಾ ಎಂದು ಅನ್ನಿಸಬಹುದು. ಲೆಕ್ಕ ನೋಡೋಣ. ಒಂದೇ ಇಳಿಜಾರಿನಲ್ಲಿ ತುಂಬಿ ಹರಿಯುವ ಎರಡು ಕೊಳವೆಗಳಲ್ಲಿ ಒಂದರ ವ್ಯಾಸ ಇನ್ನೊಂದರ ಅರ್ಧವಿದ್ದರೆ, ಅದು ಸಾಗಿಸುವ ನೀರು ಅರ್ಧವಲ್ಲ, ಕಾಲು ಭಾಗವೂ ಅಲ್ಲ, ಆರರಲ್ಲಿ ಒಂದು ಭಾಗಕ್ಕಿಂತ ತುಸು ಕಡಿಮೆ. ಜಾಗ ಕಿರಿದಾಗುವುದರ ಜೊತೆಗೆ ಗೋಡೆಯ ಉಜ್ಜಾಟವೂ ಪಾಲಿನಲ್ಲಿ ಹೆಚ್ಚುವುದು ಇದಕ್ಕೆ ಕಾರಣ. ವ್ಯಾಸ ಹತ್ತರಲ್ಲೊಂದು ಪಾಲು ತಗ್ಗಿದರೂ ಸಾಮರ್ಥ್ಯದ ಸುಮಾರು ಕಾಲು ಭಾಗ ಹೋಗುತ್ತದೆ. ರಿಪೇರಿಯ ಮಾತು ಬಂದಾಗ ಈ ಲೆಕ್ಕ ಮತ್ತೆ ಬೇಕಾಗುತ್ತದೆ.

ಮೋರಿಯ ಬಾಯಿಯನ್ನೂ ಮರೆಯಬಾರದು. ಕಸ ಒಳಗೆ ಹೋಗದಿರಲಿ, ಮಕ್ಕಳು ನುಗ್ಗದಿರಲಿ ಎಂದು ಅಲ್ಲಿ ಕಬ್ಬಿಣದ ಕಂಬಿಗಳ ಜಾಲರಿ ಇಟ್ಟಿರುತ್ತಾರೆ. ಶರತ್ಕಾಲದಲ್ಲಿ ಎಲೆ ಉದುರುವ ನಾಡಿನಲ್ಲಿ ಒಂದೇ ರಾತ್ರಿಯ ಬಿರುಮಳೆಗೆ ಅದು ಕಟ್ಟಿಕೊಳ್ಳುತ್ತದೆ. ಆಗ ಮೋರಿ ಎಷ್ಟೇ ಗಟ್ಟಿಯಾಗಿದ್ದರೂ ಬಾಯಿಂದಲೇ ನೀರು ಹಿಂದಕ್ಕೆ ಏರಿ ರಸ್ತೆಗಿಳಿಯುತ್ತದೆ. ಆದ್ದರಿಂದ ಈಗ ಹಲವು ಕಡೆ ಜಾಲರಿಯ ಮುಂದೆ ಕ್ಯಾಮೆರಾ, ನೀರಿನ ಮಟ್ಟ ಅಳೆದು ಕಚೇರಿಗೆ ಸುದ್ದಿ ಮುಟ್ಟಿಸುವ ಯಂತ್ರ ಇಟ್ಟಿದ್ದಾರೆ. ನನ್ನ ಮಟ್ಟಿಗೆ, ನೆರೆ ತಪ್ಪಿಸಲು ಖರ್ಚು ಮಾಡುವ ಹಣದಲ್ಲಿ ಇಷ್ಟು ಕಡಿಮೆಗೆ ಇಷ್ಟು ಹೆಚ್ಚು ಫಲ ಕೊಡುವುದು ಇನ್ನೊಂದಿಲ್ಲ. ಕುಂಟೆ ಹಿಡಿದು ಹೊತ್ತಿಗೆ ಸರಿಯಾಗಿ ಅಲ್ಲಿಗೆ ಹೋಗುವ ಇಬ್ಬರು ಕೆಲಸಗಾರರು ಒಂದು ಬೀದಿಯನ್ನು ಉಳಿಸಬಲ್ಲರು.

ಆದರೆ ಆ ಇಬ್ಬರನ್ನು ಕಳಿಸಬೇಕಾದವರು ಯಾರು? ಇಂಗ್ಲೆಂಡಿನಲ್ಲಿ ಇದಕ್ಕೆ ಉತ್ತರ ಕೇಳಿದರೆ ನಮ್ಮವರಿಗೆ ಅಚ್ಚರಿಯಾದೀತು. ಅಲ್ಲಿ ಹಳ್ಳದ ನೆಲ ಸಾಮಾನ್ಯವಾಗಿ ದಡದ ಜಮೀನಿನ ಒಡೆಯನದು. ಅವನ ಜಾಗದ ಅಡಿಯಲ್ಲಿ ಹಾದುಹೋಗುವ ಮೋರಿಯ ಜೋಪಾನವೂ, ಬೇರೆ ಕರಾರು ಇಲ್ಲದಿದ್ದರೆ, ಅವನದೇ. ನೂರು ಮೀಟರ್ ಮೋರಿಯ ಮೇಲೆ ಇಪ್ಪತ್ತು ಮನೆಗಳ ಹಿತ್ತಿಲು ಇದ್ದರೆ ಜವಾಬ್ದಾರರೂ ಇಪ್ಪತ್ತು ಮಂದಿ. ಮನೆ ಕೊಳ್ಳುವಾಗ ಹೂದೋಟ ನೋಡಿದವರೇ ಹೊರತು ಅದರ ಕೆಳಗೊಂದು ಹಳ್ಳವಿದೆಯೆಂದು ತಿಳಿದವರು ಅಪರೂಪ.

2007ರ ಬೇಸಿಗೆಯ ನೆರೆ ಈ ಅಸ್ಪಷ್ಟತೆಯನ್ನು ಬಯಲಿಗೆಳೆಯಿತು. ಆ ವರ್ಷ 13 ಜನ ಸತ್ತರು, ಸುಮಾರು 55,000 ಮನೆ-ಅಂಗಡಿಗಳಿಗೆ ನೀರು ನುಗ್ಗಿತು. ಸರ್ ಮೈಕಲ್ ಪಿಟ್ ನೇತೃತ್ವದ ಪರಿಶೀಲನೆ 2008ರಲ್ಲಿ 92 ಶಿಫಾರಸು ಮಾಡಿತು. ಅದರ ಫಲವಾಗಿ ಬಂದ 2010ರ ನೆರೆ ಮತ್ತು ನೀರು ನಿರ್ವಹಣಾ ಕಾಯ್ದೆ, ಸಣ್ಣ ಹಳ್ಳ, ಮಳೆನೀರು, ಅಂತರ್ಜಲದ ನೆರೆಯ ಮುಂದಾಳತ್ವವನ್ನು ಸ್ಥಳೀಯ ಕೌನ್ಸಿಲ್‌ಗಳಿಗೆ ವಹಿಸಿತು. ನೆರೆಗೆ ಸಂಬಂಧಿಸಿದ ಮುಖ್ಯ ಕಟ್ಟಡ, ಮೋರಿಗಳ ಪಟ್ಟಿಯನ್ನು, ಯಾರಿಗೆ ಸೇರಿದ್ದು, ಯಾವ ಸ್ಥಿತಿಯಲ್ಲಿದೆ ಎಂಬ ವಿವರದೊಂದಿಗೆ ಇಡಬೇಕು ಎಂದಿತು. ಒಡೆಯ ಕೈಕಟ್ಟಿ ಕುಳಿತರೆ ಕೌನ್ಸಿಲ್ ನೋಟಿಸ್ ಕೊಟ್ಟು, ಆಗಲೂ ಆಗದಿದ್ದರೆ ತಾನೇ ಕೆಲಸ ಮಾಡಿಸಿ ಖರ್ಚು ವಸೂಲು ಮಾಡುವ ಅಧಿಕಾರ 1991ರ ಕಾಯ್ದೆಯೊಂದರಲ್ಲೇ ಇದೆ. ಕಾಗದದ ಮೇಲೆ ಇದು ಸಪ್ಪೆಯಾಗಿ ಕಾಣುತ್ತದೆ. ಆದರೆ ಪಟ್ಟಿಯಲ್ಲಿ ಹೆಸರಿಲ್ಲದ ಮೋರಿಗೆ ರಿಪೇರಿಯ ಹಣ ಯಾವ ಊರಲ್ಲೂ ಬಂದದ್ದಿಲ್ಲ.

ಪಟ್ಟಿ ಮಾಡುವ ಕೆಲಸ ಹಳೆಯ ನಕ್ಷೆಗಳಿಂದ ಶುರುವಾಗುತ್ತದೆ. 19ನೆಯ ಶತಮಾನದ ಸರ್ವೆ ನಕ್ಷೆಯಲ್ಲಿ ಹಳ್ಳವಿದ್ದು, ಮುಂದಿನ ಆವೃತ್ತಿಯಲ್ಲಿ ಅದು ಒಂದು ಕಡೆ ನಿಂತು ಇನ್ನೊಂದು ಕಡೆ ಹೊರಬಂದಿದ್ದರೆ, ನಡುವಿನದು ಮೋರಿ. ಆಮೇಲೆ ಮ್ಯಾನ್‌ಹೋಲಿಗೆ ಬಣ್ಣ ಸುರಿದು ಎಲ್ಲಿ ಹೊರಬರುತ್ತದೆಂದು ನೋಡುತ್ತಾರೆ. ಚಕ್ರದ ಮೇಲೆ ತೆವಳುವ ಕ್ಯಾಮೆರಾವನ್ನು ಒಳಗೆ ಬಿಡುತ್ತಾರೆ. ನೀರು ತುಂಬಿದ ಕಡೆ ಕ್ಯಾಮೆರಾಕ್ಕೆ ಏನೂ ಕಾಣದು, ಅಲ್ಲಿ ಶಬ್ದದ ಅಲೆ ಹಾಯಿಸಿ ಹೂಳಿನ ಎತ್ತರ ಅಳೆಯುತ್ತಾರೆ. ದೊಡ್ಡ ಮೋರಿಗೆ ಮನುಷ್ಯರೇ ಇಳಿದು, ಸುತ್ತಿಗೆಯಿಂದ ತಟ್ಟಿ ಪೊಳ್ಳು ಸದ್ದು ಬರುವ ಜಾಗಕ್ಕೆ ಗುರುತು ಹಾಕುತ್ತಾರೆ.

ಇಳಿಯುವುದಕ್ಕೆ ಮುಂಚಿನ ಸಿದ್ಧತೆಯನ್ನು ಇಲ್ಲಿ ಹೇಳಲೇಬೇಕು. ಆಮ್ಲಜನಕ ಗಾಳಿಯಲ್ಲಿ ಇರಬೇಕಾದ ಶೇ. 20.9ರಷ್ಟು ಇದೆಯೇ, ಹೈಡ್ರೋಜನ್ ಸಲ್ಫೈಡ್, ಮೀಥೇನ್ ಇವೆಯೇ ಎಂದು ಯಂತ್ರ ಅಳೆಯುತ್ತದೆ. ಮೇಲೆ ಒಬ್ಬ ಕಾವಲಿರುತ್ತಾನೆ, ಮುಕ್ಕಾಲಿಯಿಂದ ಇಳಿಬಿಟ್ಟ ಹಗ್ಗ ಒಳಗಿನವನ ನಡುಕಟ್ಟಿಗೆ ಬಿಗಿದಿರುತ್ತದೆ. ದೂರದ ಗುಡ್ಡದಲ್ಲಿ ಮಳೆ ಬರುವ ಸೂಚನೆ ಇದ್ದರೂ ಕೆಲಸ ನಿಲ್ಲುತ್ತದೆ. ನಮ್ಮಲ್ಲಿ 2013ರಿಂದ ಕಾನೂನು ಇದ್ದೂ ಮ್ಯಾನ್‌ಹೋಲಿಗೆ ಬರಿಮೈಯಲ್ಲಿ ಇಳಿದವರ ಸಾವು ನಿಂತಿಲ್ಲ. ಮೋರಿ ರಿಪೇರಿಯ ಬಗ್ಗೆ ಬರೆಯುವ ಯಾರೂ ಈ ಮಾತನ್ನು ದಾಟಿ ಹೋಗಬಾರದು.

ಇನ್ನು ರಿಪೇರಿ. ಮೊದಲು ಹಳ್ಳಕ್ಕೆ ಬೇರೆ ದಾರಿ ಮಾಡಬೇಕು: ಮೇಲ್ಗಡೆ ಮರಳಿನ ಚೀಲಗಳ ಒಡ್ಡು ಕಟ್ಟಿ, ಪಂಪಿನಿಂದ ನೀರೆತ್ತಿ ಕೊಳವೆಯಲ್ಲಿ ಕೆಳಗಿನ ತುದಿಗೆ ಬಿಡುತ್ತಾರೆ. ಒಡ್ಡಿನೊಳಗೆ ಸಿಕ್ಕಿಬಿದ್ದ ಮೀನುಗಳನ್ನು ಹಿಡಿದು ಸಾಗಿಸುತ್ತಾರೆ. ಟ್ರೌಟ್, ಸಾಲ್ಮನ್ ಮೊಟ್ಟೆಯಿಡುವ ತಿಂಗಳುಗಳಲ್ಲಿ ಹೊಳೆಗಿಳಿಯುವ ಕೆಲಸಕ್ಕೇ ತಡೆಯಿದೆ. ಬಳಿಕ ಒತ್ತಡದ ನೀರಿನಿಂದ ಹೂಳೆಬ್ಬಿಸಿ ಹೀರಿ ತೆಗೆಯುತ್ತಾರೆ. ಎಷ್ಟೋ ಸಲ ಇಷ್ಟಕ್ಕೇ ಅರ್ಧ ತೊಂದರೆ ನೀಗುತ್ತದೆ.

ಇಟ್ಟಿಗೆ ಕಮಾನು ಆಕಾರ ಕೆಡದೆ ನಿಂತಿದ್ದರೆ ಸಂದುಗಳಿಗೆ ಹೊಸ ಗಾರೆ ತುಂಬಿ, ಬಿದ್ದ ಇಟ್ಟಿಗೆ ಕೂರಿಸುವುದೇ ಒಳ್ಳೆಯದು. ತಳ ಕೊರೆದಿದ್ದರೆ ಕಾಂಕ್ರೀಟ್ ಹಾಸು. ಕಮಾನು ಜಗ್ಗಿದ್ದರೆ ಒಳಗೆ ಕಬ್ಬಿಣದ ಬಲೆ ಕಟ್ಟಿ ಕಾಂಕ್ರೀಟ್ ಚಿಮ್ಮಿಸಿ ಹೊಸ ಚಿಪ್ಪು ಮಾಡುತ್ತಾರೆ. ಕಿರಿದಾದ ಕೊಳವೆಗೆ ಇನ್ನೊಂದು ಉಪಾಯವಿದೆ. 1971ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ, ನೂರು ವರ್ಷ ಹಳೆಯದಾದ ಮೊಟ್ಟೆಯಾಕಾರದ ಇಟ್ಟಿಗೆ ಚರಂಡಿಯೊಂದರ ಮೇಲೆ ಎರಿಕ್ ವುಡ್ ಎಂಬ ಎಂಜಿನಿಯರ್ ಇದನ್ನು ಮೊದಲು ಮಾಡಿ ತೋರಿಸಿದ. ರಾಳದಲ್ಲಿ ನೆನೆಸಿದ ದಪ್ಪ ಬಟ್ಟೆಯ ಉದ್ದನೆಯ ಚೀಲವನ್ನು ಹಳೆಯ ಕೊಳವೆಯೊಳಗೆ ಸೇರಿಸಿ ಗೋಡೆಗೆ ಒತ್ತಿ ಹಿಡಿಯುವುದು, ಅಲ್ಲೇ ಗಟ್ಟಿಯಾಗಲು ಬಿಡುವುದು. ಈಗ ಬಿಸಿನೀರು, ಆವಿ ಅಥವಾ ನೇರಳಾತೀತ ಬೆಳಕಿನಿಂದ ಅದನ್ನು ಗಟ್ಟಿ ಮಾಡುತ್ತಾರೆ. ಈ ಚೀಲವನ್ನು ಹಲವು ಬಾರಿ ನೀರಿನ ಒತ್ತಡದಿಂದ, ದಿಂಬಿನ ಗವಸನ್ನು ಒಳಗುಹೊರಗು ಮಾಡಿದಂತೆ, ಮಗುಚುತ್ತ ಒಳಕ್ಕೆ ನೂಕುತ್ತಾರೆ. ರಸ್ತೆ ಅಗೆಯುವ ಗೋಜಿಲ್ಲ.

ಹೊಸ ಒಳಪದರದಿಂದ ವ್ಯಾಸ ಕಿರಿದಾಗುವುದಿಲ್ಲವೇ? ಆಗುತ್ತದೆ. ಹತ್ತರಲ್ಲೊಂದು ಪಾಲು ಹೋದರೆ ಕಾಲು ಭಾಗ ಸಾಮರ್ಥ್ಯ ಹೋಗುತ್ತದೆಂದು ಮೇಲೆ ಹೇಳಿದೆ. ಆದರೆ ಸವೆದ ಇಟ್ಟಿಗೆಗಿಂತ ಈ ಪದರ ಬಹಳ ನುಣುಪು. ಉಜ್ಜಾಟ ತಗ್ಗಿದ್ದರಿಂದ ಕಳೆದುಕೊಂಡದ್ದು ಸಾಮಾನ್ಯವಾಗಿ ಮರಳಿ ಸಿಗುತ್ತದೆ, ಕೆಲವೊಮ್ಮೆ ತುಸು ಹೆಚ್ಚೇ ಸಿಗುತ್ತದೆ. ಬಾಯಿಯೇ ಕಿರಿದಾಗಿ, ಅಲ್ಲೇ ನೀರು ತಡೆದು ನಿಲ್ಲುವ ಮೋರಿಗೆ ಮಾತ್ರ ಒಳಗಿನ ನುಣುಪು ಉಪಯೋಗಕ್ಕೆ ಬಾರದು. ಲೆಕ್ಕ ಹಾಕದೆ ಪದರ ಹಚ್ಚಿದರೆ ಹಣ ಹೋಗಿ ನೆರೆ ಉಳಿಯುತ್ತದೆ.

ಜನ ಹೆಚ್ಚಾಗಿ ಕೇಳದ ಪ್ರಶ್ನೆ ಇನ್ನೊಂದಿದೆ. ಕಟ್ಟಿಕೊಂಡ ಮೋರಿ ನೀರನ್ನು ಮೇಲ್ಗಡೆ ತಡೆದು ನಿಲ್ಲಿಸಿತ್ತು. ಅದನ್ನು ಬಿಡಿಸಿದರೆ ಅಷ್ಟೂ ನೀರು ಒಮ್ಮೆಲೇ ಕೆಳಗಿನ ಕೇರಿಗೆ ಬರುತ್ತದೆ. ಒಬ್ಬರ ಅಂಗಳ ಒಣಗಿಸಲು ಇನ್ನೊಬ್ಬರ ಮನೆ ಮುಳುಗಿಸುವುದು ರಿಪೇರಿಯಲ್ಲ. ಅದಕ್ಕೇ ಮೇಲ್ಗಡೆ ಮಳೆನೀರು ಕೆಲಹೊತ್ತು ನಿಲ್ಲಲು ತಗ್ಗು ಮೈದಾನ, ಕೊಳ ಮಾಡುವುದನ್ನು ಯೋಜನೆಯ ಭಾಗವಾಗಿಯೇ ನೋಡಬೇಕು. ಸಾಧ್ಯವಿದ್ದ ಕಡೆ ಮೋರಿಯನ್ನೇ ಒಡೆದು ಹಳ್ಳವನ್ನು ಬೆಳಕಿಗೆ ತರುವುದೂ ಉಂಟು. ಶೆಫೀಲ್ಡ್ ನಗರದ ಮಟಿಲ್ಡಾ ಸ್ಟ್ರೀಟ್‌ನಲ್ಲಿ ಪೋರ್ಟರ್ ಬ್ರೂಕ್ ಹಳ್ಳದ ಒಂದು ತುಂಡಿನ ಮೇಲಿನ ಕಾಂಕ್ರೀಟ್ ತೆಗೆದು ಪುಟ್ಟ ಉದ್ಯಾನ ಮಾಡಿದ್ದಾರೆ.

ಬೆಂಗಳೂರಿನ ಓದುಗರಿಗೆ ಇದೆಲ್ಲ ಪರಿಚಿತ ಅನ್ನಿಸಿದರೆ ಅದು ಸಹಜ. ಹಳೆಯ ಬಡಾವಣೆಗಳಲ್ಲಿ ಎಷ್ಟೋ ಕಾಲುವೆಗಳು ಚಪ್ಪಡಿಯ ಕೆಳಗೆ ಸೇರಿವೆ. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರದ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದದ್ದನ್ನು ಎಲ್ಲರೂ ನೋಡಿದ್ದಾರೆ. ಒಡೆತನದ ವಿಷಯದಲ್ಲಿ ಮಾತ್ರ ನಮ್ಮ ಸ್ಥಿತಿ ಇಂಗ್ಲೆಂಡಿಗಿಂತ ಸ್ಪಷ್ಟ. ಹಳ್ಳ, ರಾಜಕಾಲುವೆಗಳು ಕಂದಾಯ ದಾಖಲೆಯಲ್ಲಿ ಬಿ ಖರಾಬು, ಸಾರ್ವಜನಿಕರ ಸ್ವತ್ತು. ಇಪ್ಪತ್ತು ಹಿತ್ತಿಲಿನ ಒಡೆಯರನ್ನು ಹುಡುಕುತ್ತ ಹೋಗಬೇಕಿಲ್ಲ. ಆದರೂ 2016ರ ಆಗಸ್ಟಿನಲ್ಲಿ ಪಾಲಿಕೆ ಗ್ರಾಮ ನಕ್ಷೆ ಹಿಡಿದು ಒತ್ತುವರಿ ತೆರವಿಗೆ ಹೊರಟಾಗ, ಮನೆ ಕಳೆದುಕೊಂಡವರಲ್ಲಿ ಕೈಯಲ್ಲಿ ಕಾಗದಪತ್ರ ಇಟ್ಟುಕೊಂಡವರೇ ಬಹಳ ಮಂದಿ ಇದ್ದರು. ಕಾಲುವೆ ಒಂದು ಇಲಾಖೆಯ ನಕ್ಷೆಯಲ್ಲಿತ್ತು, ಇನ್ನೊಂದರ ಕಣ್ಣಿಗೆ ಬಿದ್ದಿರಲಿಲ್ಲ.

ಗ್ರಾಮ ನಕ್ಷೆ ಈಗ ಯಾರಿಗೆ ಬೇಕಾದರೂ ಸಿಗುತ್ತದೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರನ್ನೂ ನೋಡಬಹುದು. ಸೈಟು ಕೊಳ್ಳುವ ಮೊದಲು ಎರಡನ್ನೂ ಹೋಲಿಸಿ ನೋಡಿ. ಈಗಾಗಲೇ ನೆಲೆಸಿದವರು ತಮ್ಮ ಬೀದಿಯ ಚಪ್ಪಡಿ ಕಾಲುವೆಯ ಬಾಯಿ ಎಲ್ಲಿದೆ, ಅದು ಎಲ್ಲಿ ಹೊರಬರುತ್ತದೆ ಎಂದು ಒಮ್ಮೆ ನಡೆದು ತಿಳಿದುಕೊಳ್ಳಬೇಕು. ಏಪ್ರಿಲ್ ಒಳಗೆ ಹೂಳೆತ್ತಿದ್ದಾರೆಯೇ, ಎತ್ತಿದ ಹೂಳನ್ನು ಸಾಗಿಸಿದ್ದಾರೆಯೇ, ಇಲ್ಲ ದಡದಲ್ಲೇ ಗುಡ್ಡೆ ಹಾಕಿದ್ದಾರೆಯೇ ಎಂದು ನೋಡಿ ವಾರ್ಡಿನ ಎಂಜಿನಿಯರಿಗೆ ಬರೆದು ಕೊಡಬೇಕು. ದಡದಲ್ಲಿ ಬಿಟ್ಟ ಹೂಳು ಮುಂಗಾರಿಗೂ ಮುಂಚಿನ ಮೊದಲ ಮಳೆಗೇ ಮತ್ತೆ ಮೋರಿಯೊಳಗೆ ಇಳಿದಿರುತ್ತದೆ.